ಮಾವನ ಗಾಡಿಯಲ್ಲಿ ಮೀನಿನ ಸಂಸಾರ

ಮದುವೆಯಾದ ಹೊಸದರಲ್ಲಿ ಬಾಯಿ ಮುಚ್ಚಿಕೊಂಡಿರುವ ಬುದ್ಧಿ ನನಗಿರಲಿಲ್ಲ. ಅರವತ್ತರ ದಶಕದ ಮಾತು. ಹನೂರಿನ ಕಡೆಯ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ, "ಕೊಳ್ಳೇಗಾಲದೋನು ನಾನು, ಕಾವೇರೀಲಿ ಈಜಿದೋನು. ಮುಳುಗುದ್ರೆ ಅರ್ಧ ಗಂಟೆ ಏಳಲ್ಲ" ಎಂದು ಕೊಚ್ಚಿಕೊಂಡೆ. ನಾನು ಈಜಿದ್ದು ಸೊಂಟದಷ್ಟು ನೀರಿನಲ್ಲಿ.

ಮಾವನ ಕಣ್ಣು ಅರಳಿತು. ಬೇಸಿಗೆಯಲ್ಲಿ ಒಣಗಿ ಸಡಿಲವಾದ ಗಾಡಿಚಕ್ರಗಳನ್ನು ಬಿಗಿಯಾಗಲೆಂದು ನೀರಿನಲ್ಲಿ ನೆನೆಹಾಕುವುದು ಎಲ್ಲ ಕಡೆ ರೂಢಿ. ಎಲ್ಲರೂ ಚಕ್ರ ಕಳಚಿ ತಂದರೆ, ಮಾವ ಸೋಮಾರಿತನಕ್ಕೆ ಇಡೀ ಗಾಡಿಯನ್ನೇ ಕೆರೆಯ ನಡುವಿನ ಗುಂಡಿಗಿಳಿಸಿ, ತೇಲದಿರಲೆಂದು ಕಲ್ಲು ಹೇರಿ ಬಂದಿದ್ದರು. ಮಳೆ ಹೊಡೆದು ಕೆರೆ ತುಂಬಿತು. ಎರಡು ವರ್ಷದಿಂದ ಗಾಡಿ ನೀರಿನಡಿಯಲ್ಲೇ ಇತ್ತು.

"ಅಳಿಯಂದ್ರೆ, ನೀವು ಮುಳುಗಿ ಗಾಡಿ ಅಚ್ಚಿಗೆ ಒಂದು ಅಗ್ಗ ಕಟ್ಬುಟ್ರೆ ಸಾಕು. ಎತ್ತು ಎಳ್ಕತವೆ" ಎಂದರು.

ಮರುದಿನ ಊರಿಗೆ ಊರೇ ಕೆರೆ ಏರಿಯ ಮೇಲಿತ್ತು. ಹೆಂಡತಿಯೂ ಇದ್ದಳು. ಹಿಂಜರಿದರೆ ಮಾನ ಹೋಗುತ್ತದೆ, ಇಳಿದರೆ ಪ್ರಾಣ. ಮಾನವೇ ದೊಡ್ಡದೆನಿಸುವ ವಯಸ್ಸು. ಭಾಮೈದ ಉಸಿರಾಡಲು ಪರಂಗಿ ಎಲೆಯ ಟೊಳ್ಳು ದಂಟೊಂದನ್ನು ಕೊಟ್ಟು, ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿದ. "ಕೆಳಕ್ಕೋದ್ಮೇಲೆ ಬಿಚ್ಚಿ ಅಚ್ಚಿಗೆ ಕಟ್ಟಿ ಭಾವ. ಮೂರ್ ಸಲ ಜಗ್ಗಿ, ಎತ್ತುಗಳ್ನ ಒಡಿತೀವಿ" ಎಂದ.

ಕಲ್ಲೊಂದನ್ನು ತಬ್ಬಿಕೊಂಡು ಇಳಿದೆ. ದಂಟಿನ ತುದಿಯೂ ನನ್ನ ಜೊತೆಯೇ ಮುಳುಗಿ, ಉಸಿರಿನ ಬದಲು ಕೆರೆಯ ನೀರು ಬಂತು. ಮಸುಕು ಹಸಿರು ಬೆಳಕಿನಲ್ಲಿ ಗಾಡಿ ಕಂಡಿತು. ಚಕ್ರಗಳ ಸಂದಿಯಲ್ಲಿ ಮರಿಮೀನುಗಳು ಓಡಾಡುತ್ತಿದ್ದವು. ಮಾವ ಕೂತು ಹೊಡೆಯುತ್ತಿದ್ದ ಜಾಗದಲ್ಲಿ ಮೀಸೆಯ ದೊಡ್ಡ ಮೀನೊಂದು ಮಾವನಂತೆಯೇ ಕೂತಿತ್ತು. ಎಷ್ಟು ಸೊಗಸಾಗಿತ್ತೆಂದರೆ ಒಂದು ಗಳಿಗೆ ಭಯ ಮರೆತೆ. ಅದು ಮೀಸೆ ಅಲ್ಲಾಡಿಸಿ ಎದ್ದು ಬಂದಾಗ ಉಳಿದದ್ದೂ ಮರೆತುಹೋಯಿತು. ಸೊಂಟದ ಹಗ್ಗ ಬಿಚ್ಚದೆಯೇ ಹತ್ತು ಸಲ ಜಗ್ಗಿದೆ.

ಎತ್ತುಗಳು ಎಳೆದವು. ಗಾಡಿಯ ಬದಲು ಅಳಿಯ ದಡ ಸೇರಿದ. ಪರಂಗಿ ಹಾಲು ತಾಗಿ ತುಟಿ ಊದಿತ್ತು. ಸಾಲದ್ದಕ್ಕೆ ಚಡ್ಡಿಯ ಜೇಬಿನಿಂದ ಮರಿಮೀನೊಂದು ಚಿಮ್ಮಿ, ಮೀನಿನ ಹೆಸರೆತ್ತಿದರೆ ಮೂಗು ಮುಚ್ಚುವ ಅತ್ತೆಯ ಕಾಲ ಬಳಿ ಬಿತ್ತು. ಜನ ಬಿದ್ದು ಬಿದ್ದು ನಕ್ಕರು. ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಅಳುವೇ ಬಂತು.

ಮಾವ ಪಕ್ಕದಲ್ಲಿ ಕುಕ್ಕರಿಸಿದರು. "ಏನ್ ಕಂಡ್ರಿ?"

"ಗಾಡಿ ತುಂಬ ಮೀನಿನ ಸಂಸಾರ, ಮಾವ. ಮಕ್ಕಳು ಮರಿ ಎಲ್ಲ ಅವೆ" ಎಂದು ತೊದಲಿದೆ.

ಅವರು ಎದ್ದು ಅತ್ತೆಯ ಬಳಿಗೆ ಹೋದರು. ಜನ್ಮದಲ್ಲಿ ಮೀನು ಮುಟ್ಟದ ಕೈಯಿಂದ ಆ ಮರಿಯನ್ನೆತ್ತಿ ನೀರಿಗೆ ಬಿಟ್ಟರು. ಆಮೇಲೆ ಜನರತ್ತ ತಿರುಗಿ ಗದರಿದರು: "ನಗಾಕೇನ್ಲಾ ಅದೆ? ನಮ್ಮಳಿಯಂದ್ರು ಬೇಕಂತ್ಲೇ ಅಗ್ಗ ಕಟ್ನಿಲ್ಲ. ಸಂಸಾರಸ್ಥರ್ನ ಎಬ್ಬುಸ್ಬಾರ್ದು ಅಂತ ಕಣ್ಲಾ!"

ಗಾಡಿ ಅಲ್ಲೇ ಉಳಿಯಿತು. ಆ ಊರಿನಲ್ಲಿ ನಾನು ಮತ್ತೆಂದೂ ಜಂಬ ಕೊಚ್ಚಲಿಲ್ಲ. ಬದುಕಿರುವವರೆಗೂ ನನ್ನ ಪರವಾಗಿ ಮಾವನೇ ಕೊಚ್ಚಿದರು.