ಅತ್ತೆಯ ಬಲಗೈ

ನಾನು ಓದುತ್ತಿರುವುದು ಏನು ಎಂದು ನಮ್ಮ ಕಡೆಯವರಿಗೆ ತಿಳಿಸಿ ಹೇಳುವುದು ಆ ಓದಿಗಿಂತ ಕಷ್ಟವಾಗಿತ್ತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸೊರಬದಲ್ಲಿ ಬಸ್ಸು ಹತ್ತಿ, ಶಿವಮೊಗ್ಗದಲ್ಲಿ ರೈಲು ಹಿಡಿದು, ಬೀರೂರಿನಲ್ಲಿ ಇನ್ನೊಂದು ರೈಲಿಗೆ ಬದಲಾಯಿಸಿ ಬೊಂಬಾಯಿಗೆ ಹೋದ ಹುಡುಗಿ ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಟೀಚರೂ ಅಲ್ಲ ಎಂದರೆ ಮತ್ತೇನು? ಕಾಲೇಜಿನ ಪದವಿಯನ್ನೂ ಆಸ್ಪತ್ರೆಯ ತರಬೇತಿಯನ್ನೂ ಒಟ್ಟಿಗೆ ಕೂಡಿಸಿದ್ದ ಓದು ಅದು. ಬೆಳಿಗ್ಗೆ ತರಗತಿಯಲ್ಲಿ ಕೂತು ಮೂಳೆ, ನರಗಳ ಹೆಸರು ಉರು ಹೊಡೆಯಬೇಕು. ಮಧ್ಯಾಹ್ನ ಆಸ್ಪತ್ರೆಗೆ ಹೋಗಿ, ಕೈ ಸ್ವಾಧೀನ ತಪ್ಪಿದವರಿಂದ ಬುಟ್ಟಿ ಹೆಣೆಸಿ, ಮಗ್ಗದಲ್ಲಿ ನೇಯಿಸಿ, ಅಂಗಿಯ ಗುಂಡಿ ಹಾಕಿಸಿ, ಆ ಕೈಗೆ ಮತ್ತೆ ಕೆಲಸ ಕಲಿಸಬೇಕು. ಆಕ್ಯುಪೇಷನಲ್ ಥೆರಪಿ ಎಂಬ ಹೆಸರು ನಮ್ಮಪ್ಪನ ಬಾಯಲ್ಲಿ ಒಂದು ದಿನವೂ ಪೂರ್ತಿ ಹೊರಳಲಿಲ್ಲ. ಕೇಳಿದವರಿಗೆಲ್ಲ, "ಡಾಕ್ಟರಿಕೆ ಪೈಕೀದೇ ಎಂಥದೋ" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಶಿಕಾರಿಪುರದಲ್ಲಿದ್ದ ಸೋದರತ್ತೆಯ ಗಂಡ, ನಮ್ಮ ಮಾವ, ಹಾಗೆ ಬಿಡುವವರಲ್ಲ. "ಅಲ್ಲವ್ವಾ, ಬುಟ್ಟಿ ಹೆಣಿಯಾಕ ಬೊಂಬಾಯಿಗೆ ಹೋಗ್ಬೇಕೇನು? ನಮ್ಮ ಸಂತ್ಯಾಗ ಕುಂತಿದ್ರ ಪುಕ್ಕಟೆ ಕಲಿಸ್ತಿದ್ರಲ್ಲ!" ಎಂದು ನಾಲ್ಕು ಜನರ ಮುಂದೆ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಆ ಮನೆಯ ಮೇಲೆ ಸಿಟ್ಟು ನಿಲ್ಲುತ್ತಿರಲಿಲ್ಲ. ಹೈಸ್ಕೂಲು ಓದಿದ್ದು ಅಲ್ಲೇ ಇದ್ದುಕೊಂಡು. ಅತ್ತೆಯ ಮಗಳಿಗೂ ನನಗೂ ಒಂದೇ ವಯಸ್ಸು. ಅತ್ತೆ ನಮ್ಮಿಬ್ಬರನ್ನೂ ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದರು. ಅಲುಗಾಡಿದರೆ ಬಾಚಣಿಗೆಯಿಂದಲೇ ತಲೆಗೊಂದು ಮೊಟಕು. ಈಗಲೂ ತಲೆ ಬಾಚಿಕೊಳ್ಳುವಾಗ ಆ ಮೊಟಕು ಬೇಕೆನಿಸುತ್ತದೆ.

ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಬೇಸಿಗೆ ರಜೆಗೆ ಶಿಕಾರಿಪುರಕ್ಕೆ ಬಂದಾಗ ಜಡೆ ಹೆಣೆಯುತ್ತಿದ್ದ ಆ ಬಲಗೈ ಅತ್ತೆಯ ಮಡಿಲಲ್ಲಿ ಮುಷ್ಟಿ ಬಿಗಿದುಕೊಂಡು ಸುಮ್ಮನೆ ಬಿದ್ದಿತ್ತು. ದೀಪಾವಳಿ ಕಳೆದ ಮೇಲೆ ಲಕ್ವ ಹೊಡೆದಿತ್ತಂತೆ. ಕಾಲು ಹೇಗೋ ಸುಧಾರಿಸಿತ್ತು, ಎಳೆದುಕೊಂಡು ಓಡಾಡುತ್ತಿದ್ದರು. ಅಷ್ಟರಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಗಂಡು ಸೊರಬದ ಕಡೆಯವನು. ಧಾರೆಯ ಹೊತ್ತಿಗೆ ತಂದೆ ಮಗಳ ಕೈಯನ್ನು ಅಳಿಯನ ಕೈಯಲ್ಲಿಡಬೇಕು, ತಾಯಿ ಅದರ ಮೇಲೆ ನೀರೆರೆಯಬೇಕು. ಎಡಗೈಯಲ್ಲಿ ಎರೆಯುವಂತಿಲ್ಲ, ಬಲಗೈ ಏಳುವುದಿಲ್ಲ. ಆದ್ದರಿಂದ ಮಾವನ ತಮ್ಮ ಮತ್ತು ಅವರ ಹೆಂಡತಿ ಧಾರೆ ಎರೆದುಕೊಡುವುದೆಂದು ಹಿರಿಯರು ತೀರ್ಮಾನಿಸಿದ್ದರು. ಎಲ್ಲರೆದುರು ಅತ್ತೆ ಆಗಲಿ ಎಂದಿದ್ದರು. ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ, "ಹೆತ್ತೋಳು ನಾನು ಮಾರಾಯ್ತಿ. ಕಂಬಕ್ಕೆ ಒರಗಿ ಕೂತ್ಕಂಡು ನೋಡ್ಬೇಕಾ?" ಎಂದು ಕಣ್ಣೊರೆಸಿಕೊಂಡರು.

ನನಗೋ ಹೊಸದಾಗಿ ಕಲಿತ ಹುಮ್ಮಸ್ಸು. ಒಂದು ಕೈ ಕೆಟ್ಟರೆ ಇನ್ನೊಂದನ್ನು ಪಳಗಿಸು ಎನ್ನುವುದು ಆಸ್ಪತ್ರೆಯ ಪಾಠ. ಮಾರನೆಯ ದಿನವೇ ಅತ್ತೆಯ ಎಡಗೈಗೆ ಚಮಚ ಕೊಟ್ಟು, ತಟ್ಟೆ ಮುಂದಿಟ್ಟು, ಉಣ್ಣಿ ಎಂದೆ. ಅಷ್ಟು ದಿನ ಮಗಳು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಅತ್ತೆ ಚಮಚವನ್ನು ನೋಡಿದರು, ನನ್ನನ್ನು ನೋಡಿದರು. "ಇದನ್ನ ಕಲೀಲಿಕ್ಕೆ ಹೋಗಿದ್ಯೇನೆ ಅಷ್ಟು ದೂರ? ಎಡಗೈಯಲ್ಲಿ ಉಣ್ಣೋದಾದ್ರೆ ನಂಗೆ ಅನ್ನವೇ ಬೇಡ" ಎಂದು ತಟ್ಟೆ ನೂಕಿ ಎದ್ದುಹೋದರು. ಆ ಹೊತ್ತು ಅತ್ತೆಯೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ.

ನಮ್ಮ ಮೇಡಂ ಒಬ್ಬರು ಹೇಳುತ್ತಿದ್ದರು, ಕೈಗೆ ಏನು ಬೇಕು ಎಂದು ಕೇಳಬೇಡಿ, ಮನುಷ್ಯನಿಗೆ ಏನು ಬೇಕು ಎಂದು ಕೇಳಿ ಎಂದು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದು ಬಂದಿದ್ದೆ. ಅತ್ತೆಗೆ ಏನು ಬೇಕೆಂಬುದು ಅಡಿಗೆಮನೆಯಲ್ಲೇ ಗೊತ್ತಾಗಿತ್ತಲ್ಲ! ದೇವರ ಮುಂದಿದ್ದ ಹಿತ್ತಾಳೆ ಗಿಂಡಿಯನ್ನು ತಂದು, ಕೊರಳಿಗೆ ಹಳೆಯ ಸೀರೆಯ ಚೂರು ಸುತ್ತಿ ಹಿಡಿಯಲು ದಪ್ಪ ಮಾಡಿದೆ. "ಅತ್ತೆ, ಮದುವೆಗೆ ಇನ್ನೂ ತಿಂಗಳ ಮೇಲಿದೆ. ಧಾರೆ ನೀವೇ ಎರೀಬೇಕು" ಎಂದೆ. ಅವರು ಮಡಿಲಿನ ಕೈಯನ್ನು ಎಡಗೈಯಿಂದ ಎತ್ತಿ ನನ್ನ ಕೈಗೆ ಕೊಟ್ಟರು.

ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿ ಬೆರಳುಗಳನ್ನು ಮೆಲ್ಲಗೆ ಬಿಡಿಸುತ್ತಿದ್ದೆ. ಆಮೇಲೆ ರೊಟ್ಟಿ ಬಡಿಯುವ ಕೆಲಸ. ಬಲಗೈ ಕೆಳಗೆ, ಎಡಗೈ ಮೇಲೆ. ಮೊದಮೊದಲು ಎತ್ತು ಏರಿಗೆ, ಕೋಣ ನೀರಿಗೆ. ರೊಟ್ಟಿ ಯಾವ ಆಕಾರಕ್ಕೂ ಬರುತ್ತಿರಲಿಲ್ಲ, ಮಾವ ಅದನ್ನೇ ತಿನ್ನಬೇಕಿತ್ತು. ಸಂಜೆ ಹಿತ್ತಲಲ್ಲಿ ಗಿಂಡಿಯ ಪಾಠ. ಬಸಳೆ ಬುಡಕ್ಕೆ ನೀರೆರೆಯುವುದು, ಮತ್ತೆ ತುಂಬುವುದು, ಮತ್ತೆ ಎರೆಯುವುದು. ಅತ್ತೆಗೆ ಬೇಸರವಾದರೆ ನನಗೂ ನನ್ನ ಕಾಲೇಜಿಗೂ ಸೇರಿಸಿ ಬೈಯುತ್ತಿದ್ದರು. ಅಷ್ಟು ನೀರು ಕುಡಿದ ಬಸಳೆ ಚಪ್ಪರ ಮೀರಿ ಹಬ್ಬಿತು. ಹುಳಿಗೂ ಬಸಳೆ, ಪಲ್ಯಕ್ಕೂ ಬಸಳೆ. "ನಿನ್ನ ಓದು ಮುಗಿಯೂದ್ರಾಗ ನನ್ನ ಹೊಟ್ಟ್ಯಾಗ ಬಳ್ಳಿ ಹಬ್ತೈತಿ ನೋಡವ್ವಾ" ಎನ್ನುತ್ತಿದ್ದ ಮಾವ, ಒಂದು ಸಂಜೆ ಹಿತ್ತಲ ಬಾಗಿಲಿಗೆ ಬಂದು ನಿಂತವರು ತಮಾಷೆ ಮರೆತರು. ಅತ್ತೆ ಯಾರ ಆಸರೆಯೂ ಇಲ್ಲದೆ ಗಿಂಡಿ ಎತ್ತಿ, ಬಗ್ಗಿಸಿ, ಸಣ್ಣ ಧಾರೆಯಾಗಿ ನೀರು ಬಿಡುತ್ತಿದ್ದರು. ಮಾವ ಅಲ್ಲಿಂದಲೇ ತಿರುಗಿ, ಧಾರೆ ತಾವೇ ಎರೆಯುತ್ತೇವೆಂದು ತಮ್ಮನಿಗೆ ಹೇಳಲು ಹೋದರು. ನನ್ನ ಜೀವಮಾನದಲ್ಲಿ ಸಿಕ್ಕ ಯಾವ ಸರ್ಟಿಫಿಕೇಟೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ಮದುವೆ ಅತ್ತೆಯ ಮನೆ ಮುಂದಿನ ಚಪ್ಪರದಲ್ಲೇ ನಡೆಯಿತು. ಓಲಗದವರು ಗಟ್ಟಿಮೇಳ ಹಿಡಿದರು. ಮಾವ ಮಗಳ ಕೈಯನ್ನು ಅಳಿಯನ ಕೈಗಿಟ್ಟರು. ಅತ್ತೆಯ ಬಲಗೈ ಮೆಲ್ಲಗೆ ಮೇಲೆದ್ದಿತು, ಗಿಂಡಿ ಬಾಗಿತು, ನೀರು ಬಿತ್ತು. ನಾನು ಹೆಂಗಸರ ಗುಂಪಿನ ಹಿಂದೆ ಉಸಿರು ಹಿಡಿದು ನಿಂತಿದ್ದೆ. ನೀರು ಪೂರ್ತಿ ಮುಗಿಯಿತು. ಪುರೋಹಿತರು ಗಿಂಡಿಗಾಗಿ ಕೈ ಚಾಚಿದರು. ಅತ್ತೆ ಕೊಡಲಿಲ್ಲ.

ಕೊಡಲು ಆಗಲಿಲ್ಲ. ಮುಷ್ಟಿ ಬಿಗಿದುಕೊಂಡುಬಿಟ್ಟಿತ್ತು. ಹಿತ್ತಲಲ್ಲಿ ಪ್ರತಿ ಸಲವೂ ಗಿಂಡಿಯನ್ನು ಅವರ ಕೈಯಿಂದ ಬಿಡಿಸಿಕೊಳ್ಳುತ್ತಿದ್ದವಳು ನಾನೇ, ಬೆರಳು ತಾನಾಗಿ ಬಿಚ್ಚುವುದನ್ನು ನಾವು ಅಭ್ಯಾಸ ಮಾಡಿಯೇ ಇರಲಿಲ್ಲ. ಪುರೋಹಿತರು ಎಳೆದರು, ಬರಲಿಲ್ಲ. ಜನರಲ್ಲಿ ಗುಜುಗುಜು ಎದ್ದಿತು. ನಾನು ನುಗ್ಗಿ ಹೋಗುವಷ್ಟರಲ್ಲಿ ಮದುಮಗಳು ಗಂಡನ ಕೈಯಿಂದ ತನ್ನ ಒದ್ದೆ ಕೈಯನ್ನು ಬಿಡಿಸಿಕೊಂಡು, ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದಳು.

ಅತ್ತೆ ನನ್ನತ್ತ ತಿರುಗಿದರು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

"ಹಿಡಿಯೋದು ಕಲಿಸ್ದೆ. ಬಿಡೋದು ಯಾವ ವರ್ಷದ ಪಾಠನೇ?"

"ಮೂರನೇ ವರ್ಷದ್ದು ಅತ್ತೆ" ಎಂದೆ. ನನಗೂ ಅಳು ತಡೆಯಲಾಗಲಿಲ್ಲ. ಗಿಂಡಿ ಪುರೋಹಿತರ ಕೈ ಸೇರಿತು. ಮುಹೂರ್ತ ಮೀರುತ್ತದೆ, ಬಾಮ್ಮಾ ಎಂದು ಅವರು ಗದರಿಸುತ್ತಲೇ ಇದ್ದರು. ಮದುಮಗಳು ಮಾತ್ರ ಬಿಚ್ಚಿದ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.