ಮಿಷನ್ನಿಗೆ ಉಡಿಸಿದ ಸೀರೆ

ಆಗ ನನಗೆ ಅರವತ್ತಮೂರು. ಐದು ವರ್ಷದ ಹಿಂದಿನ ಮಾತು. ಹರಿಹರದಿಂದ ಮೊದಲ ಬಸ್ಸಿಗೆ ದಾವಣಗೆರೆಗೆ ಹೋಗಿ ಒಂದು ಲಾಡ್ಜಿನ ಬಾಯ್ಲರಿಗೆ ಬೆಂಕಿ ಹಾಕುವುದು ನನ್ನ ಕೆಲಸ. ಸೌದೆ ತುರುಕುವುದು, ಬೂದಿ ತೆಗೆಯುವುದು, ಹೊಗೆ ಕುಡಿಯುವುದು. ಲಾಡ್ಜಿನ ಮೇಲೆಯೇ ಸಾವ್ಕಾರರ ಮನೆ. ಅವರಿಗೂ ಗಿರಾಕಿಗಳಿಗೂ ಅದೇ ನೀರು.

ಆ ವರ್ಷ ಮಾಳಿಗೆ ಮೇಲೆ ಹೀಟ್ ಪಂಪ್ ಕೂರಿಸಿದರು. ಫ್ಯಾನಿರುವ ದೊಡ್ಡ ಡಬ್ಬಿ. ಗಾಳಿಯಲ್ಲಿರುವ ಬಿಸಿಯನ್ನು ಎಳೆದುಕೊಂಡು ನೀರಿಗೆ ಕೊಡುತ್ತದಂತೆ. ದಿನಾ ಅದೇ ಕಾಯಿಸಬೇಕು. ಚಳಿ ಜಾಸ್ತಿಯಾದಾಗ, ಮದುವೆ ಜನ ತುಂಬಿದಾಗ ಮಾತ್ರ ಬಾಯ್ಲರ್ ಜೊತೆಗೂಡಬೇಕು. "ಎರಡೂ ಇರ್ತಾವೆ, ನೀನೂ ಇರ್ತೀಯ ಬಿಡಜ್ಜಿ," ಅಂದರು ಸಾವ್ಕಾರರು. ಇದ್ದೆ. ಬಾಯ್ಲರ್ ಹಚ್ಚದ ದಿನ ನನ್ನಿಂದ ಕಕ್ಕಸು ತೊಳೆಸಿದರು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ದಿನ ಬಾಯ್ಲರನ್ನು ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಹಾಗಲಬಳ್ಳಿ ಸುತ್ತಿ ಪೂಜೆ ಮಾಡುತ್ತಿದ್ದವಳು ನಾನು. ಈ ಸಲ ಸಾವ್ಕಾರರ ಹೆಂಡತಿ ಬಾಯ್ಲರಿನ ಕಡೆ ತಿರುಗಿಯೂ ನೋಡದೆ ಮಾಳಿಗೆ ಹತ್ತಿದರು. ಹೊಸ ಅಳಿಯ ಬಂದಿದ್ದ, ಮೊದಲ ದೀಪಾವಳಿ. ಡಬ್ಬಿಗೆ ತಮ್ಮ ರೇಷ್ಮೆ ಸೀರೆಯನ್ನೇ ಸುತ್ತಲೂ ಉಡಿಸಿ ಚೆಂಡುಹೂವಿನ ಹಾರ ಬಿಗಿದರು. ನಾನು ಆರತಿ ತಟ್ಟೆ ಹಿಡಿದಿದ್ದೆ.

"ಲಕ್ಷ್ಮಿ ಕಂಡಂಗೆ ಕಾಣ್ತೈತೆ, ಅಲ್ಲೇನೇ?"

"ಹೂಂ ರೀ," ಅಂದೆ.

ಮರುದಿನ ಬೆಳಗ್ಗೆ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದ ಅಳಿಯ ಕೂಗಿಕೊಂಡ. ನೀರು ತಣ್ಣಗೆ. ಸಾವ್ಕಾರರು ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ನಾನು ಬಾಯ್ಲರ್ ಹಚ್ಚಿದೆ. ಅದು ಕಾಯುವವರೆಗೂ ಅಳಿಯ ಟವೆಲ್ ಸುತ್ತಿಕೊಂಡು, ಎಣ್ಣೆ ಸೋರಿಸುತ್ತ ನಡುಮನೆಯಲ್ಲಿ ಕೂತಿದ್ದ. ಮೆಕ್ಯಾನಿಕ್ ಬಂದು ಮೇಲೆ ಹೋದವನು ಸೀರೆ ಹಿಡಿದುಕೊಂಡು ಇಳಿದ.

"ಗಾಳಿ ಹೋಗೋ ದಾರೀಗೇ ಸೀರೆ ಉಡಿಸೀರಲ್ರೀ, ಅದು ಉಸಿರು ಹೆಂಗಾಡ್ಬೇಕು?"

ಅಳಿಯ ಬಿದ್ದು ಬಿದ್ದು ನಕ್ಕ. "ಯಾರ್ರೀ ಅದು, ಅಂಥಾ ಶಾಣ್ಯಾರು?"

ಸಾವ್ಕಾರರ ಹೆಂಡತಿ ನನ್ನ ಕಡೆ ಕೈ ತೋರಿಸಿದರು. "ಇನ್ಯಾರು, ಈ ಮುದುಕಿ. ತನ್ನ ಕೆಲ್ಸ ಹೋಗ್ತೈತಂತ ಬೇಕಂತ್ಲೇ ಮಾಡ್ಯಾಳೆ."

"ಆ ಸೀರೆ ನಂದೇನ್ರಿ? ನಾನು ಅಂಥದ್ದು ಉಟ್ಟಿದ್ದು ಯಾವಾಗ ನೋಡೀರಿ?"

ಸಾವ್ಕಾರರು ನನ್ನನ್ನು ಹಿತ್ತಲಿಗೆ ಕರೆದರು.

"ಗೊತ್ತೈತೆ ಅಜ್ಜಿ. ಹೊಸ ಅಳಿಯನ ಮುಂದೆ ಆಕಿ ಮರ್ಯಾದಿ ಹೋಗ್ತೈತೆ. ತಪ್ಪಾತು ಅಂದ್ಬಿಡು, ನಾಳೆಯಿಂದ ಎಂದಿನಂಗೆ ಬಾ."

"ನಂದು?"

"ನಿಂದೇನು?"

ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ತಪ್ಪಾಯಿತು ಅನ್ನಲಿಲ್ಲ. ಅಳಿಯನಿಗೆ ಬೇಕಾದಷ್ಟು ನೀರು ಕಾದಿತ್ತು. ಬೂದಿ ತೆಗೆಯದೆ ಹೊರಟುಬಂದೆ. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಹಬ್ಬದ ಎಣ್ಣೆನೀರು ಹಬ್ಬದ ಹೊತ್ತಿಗೆ ನನ್ನ ತಲೆಗೆ ಬಿದ್ದೇ ಇರಲಿಲ್ಲ.

ಮಾರನೆ ಬೆಳಗ್ಗೆ ಬಸ್ಸು ಹತ್ತಲಿಲ್ಲ. ಮನೆಯ ಹಂಡೆಗೆ ಬೆಂಕಿ ಹಾಕಿ, ನೆತ್ತಿಗೆ ಎಣ್ಣೆ ತಟ್ಟಿಕೊಂಡು, ಕಾದ ನೀರನ್ನೆಲ್ಲ ನನ್ನ ಮೈಮೇಲೇ ಹೊಯ್ದುಕೊಂಡೆ.