ಟಿಟ್ವಾಲಾದ ಹೊಳೆಯಲ್ಲಿ ಅಣ್ಣನ ಗಾಳ

"ಇವನು ನನ್ನ ಅಣ್ಣ" ಎಂದು ಹೇಳಬೇಕಾದ ಗಳಿಗೆಯಲ್ಲಿ ನಾನು ಹೇಳಲಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದ ಲಿಫ್ಟಿನ ಮುಂದೆ, ಹಗಲು ಹೊತ್ತಿನಲ್ಲಿ, ಅಣ್ಣ ಎದುರಿಗೇ ನಿಂತಿದ್ದಾಗ ಹೇಳಲಿಲ್ಲ. ಸುಮ್ಮನಿದ್ದಿದ್ದರೆ ಅದು ಬೇರೆ. ನಾನು ಸುಮ್ಮನೂ ಇರಲಿಲ್ಲ, ಬೇರೆಯೇ ಮಾತು ಹೇಳಿದೆ. ಈಗ ಅಣ್ಣ ನಮ್ಮ ಮನೆಗೆ ಬಂದು ಸೋಫಾದಲ್ಲಿ ಕಾಲು ಮಡಚಿ ಕೂರುತ್ತಾನೆ, ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂದಿದೆ. ಆದರೆ ಮೊದಲು ಹೊಳೆಯ ವಿಷಯ ಬರೆಯಬೇಕು. ಅದು ಗೊತ್ತಿಲ್ಲದೆ ನಾನು ಮಾಡಿದ್ದು ಎಷ್ಟು ದೊಡ್ಡ ತಪ್ಪೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಾವು ಉಡುಪಿ ಕಡೆಯವರು. ಮನೆಯಲ್ಲಿ ತುಳು ಮಾತು, ಮೀನಿಲ್ಲದೆ ಊಟ ಇಳಿಯದ ಜನ. ಆದರೆ ನಮ್ಮಿಬ್ಬರಿಗೂ ಅನ್ನ ಕೊಟ್ಟದ್ದು ಡೊಂಬಿವಲಿ ಸ್ಟೇಷನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲು. ಅಣ್ಣ ಮೊದಲು ಬಂದು ದೋಸೆ ಕಾವಲಿಗೆ ನಿಂತ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಅವನ ಹಿಂದೆ ಬಂದೆ. ಮೇಜು ಒರೆಸಿದೆ, ಸಪ್ಲಾಯರ್ ಆದೆ. ಈಗ ಕಲ್ಯಾಣದ ಇನ್ನೊಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತೇನೆ.

ಒಂದೇ ಹೋಟೆಲಿನಲ್ಲಿದ್ದಾಗ ಅಣ್ಣ ಮಾಲಕರ ಹತ್ತಿರ ಹೇಳಿ ನಮ್ಮಿಬ್ಬರ ವಾರದ ರಜೆಯನ್ನು ಒಂದೇ ದಿನ ಮಾಡಿಸಿಕೊಂಡಿದ್ದ. ಮಂಗಳವಾರ ಮಾತ್ರ ಬೇಡ ಎಂದಿದ್ದ. ಮಂಗಳವಾರ ಟಿಟ್ವಾಲಾದ ಲೋಕಲ್ ರೈಲಿನಲ್ಲಿ ಗಣಪತಿಯ ದರ್ಶನಕ್ಕೆ ಹೋಗುವವರ ನೂಕುನುಗ್ಗಲು. ಹೂವು, ಗರಿಕೆ ಹಿಡಿದವರ ನಡುವೆ ಗಾಳದ ಕೋಲು ಹಿಡಿದು ನಿಲ್ಲಲು ಅವನಿಗೆ ಮುಜುಗರ. ಉಳಿದ ದಿನಗಳಲ್ಲಿ ಬೆಳಗ್ಗೆ ಟಿಟ್ವಾಲಾದಲ್ಲಿ ಇಳಿದು, ಶೇರ್ ರಿಕ್ಷಾ ಹಿಡಿದು, ಕೊನೆಗೆ ಸ್ವಲ್ಪ ನಡೆದರೆ ಕಾಳು ನದಿ. ಸಮುದ್ರದಿಂದ ಒಳಗೆ ನುಗ್ಗುವ ಖಾಡಿಯ ಉಪ್ಪು ನೀರು ಅಣ್ಣ ಕೂರುವ ಜಾಗದ ತನಕ ಬರುವುದಿಲ್ಲ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಅಲ್ಲಿ ರೋಹು, ಕಾಟ್ಲಾ, ತಿಲಾಪಿಯಾ ಎಲ್ಲವೂ ಸಿಗುತ್ತವೆ.

ಗಾಳಕ್ಕೆ ಸಿಕ್ಕಿಸುವ ಹಿಟ್ಟನ್ನು ಅಣ್ಣನೇ ಕಲಸುತ್ತಿದ್ದ. ಹೋಟೆಲಿನಲ್ಲಿ ಹಿಂದಿನ ದಿನ ಉಳಿದ ಇಡ್ಲಿ, ಗೋಧಿ ಹಿಟ್ಟು, ಸ್ವಲ್ಪ ಕಳಿತ ಬಾಳೆಹಣ್ಣು, ಒಂದು ಚಿಟಿಕೆ ಇಂಗು. ಅದು ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳಬಾರದು, ಮೀನು ಬಾಯಿ ಹಾಕಿದಾಗ ಕಲ್ಲಿನ ಹಾಗೂ ಇರಬಾರದು. ದೋಸೆ ಹಿಟ್ಟಿನ ಹದ ತಿಳಿದ ಕೈಗೆ ಇದೇನು ದೊಡ್ಡ ವಿಷಯವಲ್ಲ. ಮಾಲಕರಿಗೂ ಇದು ಗೊತ್ತಿತ್ತು. "ನನ್ನ ಇಡ್ಲಿ ತಿಂದು ಸಾಯುವ ಮೀನಿಗೆ ಪುಣ್ಯ ಉಂಟು. ಆದ್ರೆ ನಿನ್ನ ಕೈಯ ವಾಸನೆ ನನ್ನ ಕಾವಲಿಗೆ ಬಂದ್ರೆ ಮಾತ್ರ ಜಾಗ್ರತೆ ಹಾಂ" ಎನ್ನುತ್ತಿದ್ದರು. ಅಣ್ಣ ಹೊಳೆಯಿಂದ ಬಂದ ಮೇಲೆ ಹುಣಸೆಹುಳಿ ಹಾಕಿ ಕೈ ತಿಕ್ಕಿ, ಆಮೇಲೆ ಕಾಫಿಯ ಗಷ್ಟು ಹಾಕಿ ಇನ್ನೊಮ್ಮೆ ತಿಕ್ಕುತ್ತಿದ್ದ. ಮರುದಿನ ಕಾವಲಿಯ ಮುಂದೆ ನಿಂತಾಗ ಅವನ ಕೈಗೆ ಕಾಫಿಯ ಪರಿಮಳ.

ದಡಕ್ಕೆ ಹೋದ ಕೂಡಲೇ ಗಾಳ ಹಾಕಲು ಅವನು ಬಿಡುತ್ತಿರಲಿಲ್ಲ. ಮೊದಲು ಅಕ್ಕಿ ತೌಡಿಗೆ ಬೆಲ್ಲ ಬೆರೆಸಿ ಉಂಡೆ ಕಟ್ಟಿ ಒಂದೇ ಜಾಗಕ್ಕೆ ಎಸೆಯಬೇಕು. ಆಮೇಲೆ ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೂರಬೇಕು. ಬಿಸಿಲು ಬೆನ್ನ ಹಿಂದಿದ್ದರೆ ಜಾಗ ಬದಲಿಸಬೇಕು, ಯಾಕೆಂದರೆ ನೀರಿನ ಮೇಲೆ ನಮ್ಮ ನೆರಳು ಬೀಳುತ್ತದೆ. ನವಿಲುಗರಿಯ ದಂಟನ್ನು ಕತ್ತರಿಸಿ ಅವನು ಬೆಂಡು ಮಾಡುತ್ತಿದ್ದ. ಅದು ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ಕೆಳಗೆ ಏನು ನಡೆಯುತ್ತಿದೆಯೆಂದು ಅದೇ ಹೇಳುತ್ತದೆ. ತಿಲಾಪಿಯಾ ಬಂದರೆ ಬೆಂಡು ಪಟಪಟನೆ ಕುಣಿಯುತ್ತದೆ. ರೋಹು ಬಂದರೆ ಓರೆಯಾಗಿ, ನಿಧಾನಕ್ಕೆ, ಯಾರೋ ಕೈ ಹಿಡಿದು ಕರೆದೊಯ್ದ ಹಾಗೆ ಸರಿಯುತ್ತದೆ. ಕಾಟ್ಲಾ ಬಂದರೆ ಬೆಂಡು ಮುಳುಗುವುದಿಲ್ಲ, ಮೇಲಕ್ಕೆದ್ದು ಮಲಗುತ್ತದೆ. ಆ ಮಲಗುವುದನ್ನು ನೋಡಬೇಕೆಂದು ನಾವಿಬ್ಬರೂ ವರ್ಷಗಟ್ಟಲೆ ಕಾದಿದ್ದೆವು.

ಮೀನು ಸಿಗದ ದಿನವೇ ಹೆಚ್ಚು. ಆದರೂ ಅಣ್ಣನ ಮುಖದಲ್ಲಿ ಬೇಜಾರು ಕಂಡವನಲ್ಲ ನಾನು. ವಾರವಿಡೀ "ಏಕ್ ಮಸಾಲಾ, ದೋ ಸಾದಾ, ಜಲ್ದಿ" ಎಂದು ಕಿವಿಯ ಹತ್ತಿರ ಕೂಗಿಸಿಕೊಂಡ ಮನುಷ್ಯ, ಯಾರೂ ಏನೂ ಕೇಳದ ನೀರನ್ನು ನೋಡುತ್ತಾ ಕೂತಿರುತ್ತಿದ್ದ. ನಾನು ಮಧ್ಯೆ ಮಾತಾಡಿದರೆ, "ಎಂತ ಮಾರಾಯ, ಇಲ್ಲಿ ಕೂಡ ಆರ್ಡರ್ ಹೇಳ್ತೀಯಾ?" ಎನ್ನುತ್ತಿದ್ದ.

ಮದುವೆಯಾದ ಮೇಲೆ ನಾನು ಡೊಂಬಿವಲಿಯ ಒಂದು ಹೌಸಿಂಗ್ ಸೊಸೈಟಿಯಲ್ಲಿ ಫ್ಲ್ಯಾಟ್ ಹಿಡಿದೆ. ಅಣ್ಣ ಅತ್ತಿಗೆಯ ಜೊತೆ ಹತ್ತಿರದ ದಿವಾದಲ್ಲಿ, ಒಂದೊಂದೇ ಕೋಣೆಯ ಮನೆಗಳ ಚಾಳಿನಲ್ಲೇ ಉಳಿದ. ಸೊಸೈಟಿಯ ಚೇರ್ಮನ್ನರು ಮೊದಲ ದಿನ ನನ್ನನ್ನು ಕೇಳಿದರು, "ಉಡುಪಿ ಹೋಟೆಲ್‌ವಾಲೇ? ಫಿರ್ ತೋ ಪ್ಯೂರ್ ವೆಜ್!" ನಾನು ಹೌದೆಂದು ತಲೆಯಾಡಿಸಿದೆ. ಊರಿನ ಹೆಸರು ಹೋಟೆಲಿನ ಬೋರ್ಡಿಗೆ ಅಂಟಿಕೊಂಡು, ಆ ಕಡೆಯವರೆಲ್ಲ ಮೀನು ಮುಟ್ಟದವರೆಂದು ಇಲ್ಲಿಯ ಜನ ತಿಳಿದಿದ್ದಾರೆ. ಅದನ್ನು ತಿದ್ದುವ ಬದಲು ನಾನು ಅದರ ಕೆಳಗೆ ನುಸುಳಿ ಒಳಗೆ ಹೋದೆ. ಅಂದಿನಿಂದ ನಮ್ಮ ಅಡಿಗೆ ಮನೆಗೆ ಮೀನು ಬರಲಿಲ್ಲ. ತಿನ್ನಬೇಕೆನಿಸಿದರೆ ದಿವಾಕ್ಕೆ ಹೋಗುತ್ತಿದ್ದೆವು. ಅಣ್ಣನಿಗೂ "ಬರುವಾಗ ಏನೂ ತರಬೇಡ" ಎಂದು ಹೇಳಿಟ್ಟಿದ್ದೆ.

ಒಂದು ರಜೆಯ ದಿನ ನನಗೆ ಬೆಳಗಿನ ಡ್ಯೂಟಿ ಬಿದ್ದು ಅಣ್ಣ ಒಬ್ಬನೇ ಹೊಳೆಗೆ ಹೋಗಿದ್ದ. ಮಧ್ಯಾಹ್ನ ನಾನು ಮನೆಗೆ ಬಂದು ಲಿಫ್ಟಿಗೆ ಕಾಯುತ್ತಿದ್ದೆ, ಪಕ್ಕದಲ್ಲಿ ಚೇರ್ಮನ್ನರು. ಅಣ್ಣ ಗೇಟಿನಿಂದ ಒಳಗೆ ಬಂದ. ಪ್ಯಾಂಟು ಮೊಣಕಾಲಿನ ತನಕ ಕೆಸರು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಒದ್ದೆ ಗೋಣಿ. ಗೋಣಿಯ ಬಾಯಿಯಿಂದ ಕಾಟ್ಲಾದ ಅಗಲ ಬಾಲ ಹೊರಗೆ ಚಾಚಿತ್ತು. ಅವನ ಮುಖ ನೋಡಿದರೆ ಸಾಕು, ಬೆಂಡು ಮಲಗಿದ್ದನ್ನು ನೋಡಿ ಬಂದವನೆಂದು ಗೊತ್ತಾಗುತ್ತಿತ್ತು. ತರಬೇಡ ಎಂದಿದ್ದು ಖುಷಿಯಲ್ಲಿ ಮರೆತೇ ಹೋಗಿರಬೇಕು. ಮನೆಗೂ ಹೋಗದೆ ಮೊದಲು ನನಗೆ ತೋರಿಸಲು ಬಂದಿದ್ದ.

"ಯೇ ಮಚ್ಛೀವಾಲಾ ಕೌನ್ ಹೈ?" ಈ ಮೀನಿನವನು ಯಾರೆಂದು ಚೇರ್ಮನ್ನರು ಕೇಳಿದರು.

"ಪತಾ ನಹೀಂ," ಎಂದೆ ನಾನು. "ಗಲತ್ ಬಿಲ್ಡಿಂಗ್‌ ಮೇಂ ಆಯಾ ಹೋಗಾ."

ಗೊತ್ತಿಲ್ಲ, ತಪ್ಪು ಕಟ್ಟಡಕ್ಕೆ ಬಂದಿರಬೇಕು ಎಂದೆ, ನನ್ನನ್ನು ಎತ್ತಿ ಆಡಿಸಿದ ಅಣ್ಣನ ಬಗ್ಗೆ. ಅಣ್ಣ ಒಮ್ಮೆ ನನ್ನನ್ನು ನೋಡಿದ. ನಂತರ ಚೇರ್ಮನ್ನರ ಕಡೆ ತಿರುಗಿ, "ಹಾಂ ಸಾಬ್, ಗಲತ್ ಬಿಲ್ಡಿಂಗ್" ಎಂದು ಹೇಳಿ ಗೋಣಿಯನ್ನು ಹೆಗಲಿಗೇರಿಸಿ ಹೊರಟುಹೋದ. ನನ್ನ ಸುಳ್ಳು ಬೀಳದ ಹಾಗೆ ಅವನೇ ಹಿಡಿದುಕೊಂಡ.

ಆಮೇಲೆ ಅವನು ಜಗಳ ಮಾಡಲಿಲ್ಲ. ಫೋನಿನಲ್ಲಿ ಮೊದಲಿನ ಹಾಗೆಯೇ ಮಾತಾಡಿದ. ನಮ್ಮ ಮನೆಗೆ ಮಾತ್ರ ಬರಲಿಲ್ಲ. ನಾನು ಹೊಳೆಗೆ ಹೋಗುವುದನ್ನು ಬಿಟ್ಟೆ, ದಿವಾಕ್ಕೆ ಹೋಗುವುದನ್ನೂ ಕಡಿಮೆ ಮಾಡಿದೆ. "ಭಾವ ಯಾಕೆ ಬರುದಿಲ್ಲ?" ಎಂದು ಹೆಂಡತಿ ಕೇಳಿದರೆ, ಡ್ಯೂಟಿ ಎಂದೆ. ಹೀಗೆ ಮಳೆಗಾಲಗಳು ಕಳೆದವು.

ಕಳೆದ ಚಳಿಗಾಲದಲ್ಲಿ ಅವನ ಫೋನ್ ಬಂತು. ಕಾವಲಿ ಕೆಲಸದಿಂದ ಬಲ ಭುಜ ಸೋತಿದೆ, ಡಾಕ್ಟರು ಕೈ ಎತ್ತಬೇಡ ಎಂದಿದ್ದಾರೆ, ಹೋಟೆಲಿನಲ್ಲಿ ಈಗ ಕೂತು ತರಕಾರಿ ಹೆಚ್ಚುವ ಕೆಲಸ ಎಂದ. "ಗಾಳ ಎಸೆಯಲಿಕ್ಕೂ ಆಗುದಿಲ್ಲ ಮಾರಾಯ. ಕೋಲು ಪಕ್ಕದ ರೂಮಿನವನಿಗೆ ಕೊಟ್ಟುಬಿಡ್ತೇನೆ."

"ಕೊಡ್ಬೇಡ," ಎಂದೆ. "ನಾನು ಬರ್ತೇನೆ. ನಾನು ಎಸೀತೇನೆ, ನೀನು ಕೂತು ನೋಡು."

ಫೋನಿಟ್ಟ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಲಟ್ಟಣಿಗೆ ಕೆಳಗಿಟ್ಟು, "ತಲೆ ಆಡಿಸಿದ್ದು ನೀವು. ಇಷ್ಟು ವರ್ಷ ಮೀನಿಲ್ಲದೆ ಒಣಗಿದ್ದು ನಾನು! ಮೊದಲು ಕೆಳಗೆ ಹೋಗಿ ಆ ಚೇರ್ಮನ್ನರಿಗೆ ಹೇಳಿ ಬನ್ನಿ" ಎಂದಳು. ಹೋಗಿ ಹೇಳಿದೆ: ನಾವು ಮೀನು ತಿನ್ನುತ್ತೇವೆ, ಅವತ್ತು ಬಂದಿದ್ದವನು ನನ್ನ ಸ್ವಂತ ಅಣ್ಣ. ಚೇರ್ಮನ್ನರು ಪೇಪರಿನಿಂದ ತಲೆ ಎತ್ತಿ ನಕ್ಕರು. "ಮಾಲೂಮ್ ಥಾ. ದೋನೋಂ ಕೀ ನಾಕ್ ಏಕ್ ಹೀ ಹೈ." ಇಬ್ಬರದೂ ಒಂದೇ ಮೂಗು, ಅವರಿಗೆ ಅಂದೇ ಗೊತ್ತಾಗಿತ್ತು. ಸೊಸೈಟಿಯಲ್ಲಿ ಮೀನು ತರಬಾರದೆಂಬ ನಿಯಮವೂ ಇರಲಿಲ್ಲವಂತೆ, ಅವರು ಸುಮ್ಮನೆ ಕೇಳಿದ್ದಂತೆ. ಮೆಟ್ಟಿಲು ಹತ್ತುವಾಗ ಮೊದಲು ನಗು ಬಂತು. ಇಲ್ಲದ ನಿಯಮಕ್ಕೆ ಹೆದರಿ ಇದ್ದ ಅಣ್ಣನನ್ನು ಇಲ್ಲವೆಂದಿದ್ದೆ. ಚೇರ್ಮನ್ನರಿಗೆ ಹೇಳುವುದು ಸುಲಭವಾಗಿತ್ತು. ಅಣ್ಣನಿಗೆ ಹೇಳುವುದು ಬಾಕಿ ಇತ್ತು.

ಹೊಳೆಯ ದಡದಲ್ಲಿ ಅವನು ಎಡಗೈಯಲ್ಲೇ ಹಿಟ್ಟು ಕಲಸಿದ. ನಾನು ಎಸೆದೆ. ಗಾಳ ಮುಳ್ಳಿನ ಗಿಡಕ್ಕೆ ಸಿಕ್ಕಿತು. "ಗಿಡದಲ್ಲಿ ಮೀನು ಹತ್ತುದಿಲ್ಲ, ಮ್ಯಾನೇಜರ್ ಸಾಹೇಬ್ರೇ" ಎಂದ. ಮತ್ತೆ ಎಸೆದೆ. ಹೇಳಬೇಕಾದ ಮಾತನ್ನು ಬಾಯಿಗೆ ತಂದುಕೊಳ್ಳುತ್ತಾ ಕೂತಿದ್ದವನು ಬೆಂಡು ಕುಣಿದದ್ದನ್ನು ನೋಡಲೇ ಇಲ್ಲ, ಹಿಟ್ಟೆಲ್ಲ ತಿಲಾಪಿಯಾಗಳ ಪಾಲಾಯಿತು. ಬಿಸಿಲು ಏರಿದ ಮೇಲೆ ಬೆಂಡು ಓರೆಯಾಗಿ ಸರಿಯತೊಡಗಿತು.

"ಈಗ," ಎಂದ ಅಣ್ಣ ಮೆಲ್ಲಗೆ.

ಕೋಲು ಎತ್ತಿದೆ. ಕೋಲು ಬಾಗಿತು, ರಾಟೆಯಿಂದ ಬಿಚ್ಚಿಕೊಂಡ ದಾರ ನೀರನ್ನು ಸೀಳುತ್ತಾ ಓಡಿತು. ನಾನು ಗಾಬರಿಯಿಂದ ಎಳೆದೆ.

"ಎಳೀಬೇಡ! ಓಡ್ಲಿ ಅದು, ಓಡ್ಲಿ. ಕೋಲು ಮೇಲೆ ಹಿಡಿ. ಹಾಂ, ನಿಂತಿತಲ್ಲ, ಈಗ ದಾರ ಸುತ್ತು. ಮೆಲ್ಲ! ಗಲ್ಲಾದಲ್ಲಿ ಕೂತು ಕೂತು ಕೈಯಲ್ಲಿ ಜೀವವೇ ಇಲ್ಲ ನಿನಗೆ."

ಅದು ಓಡಿತು, ನಿಂತಿತು, ಮತ್ತೆ ಓಡಿತು. ನನ್ನ ಅಂಗೈ ಬೆವರಿ ಜಾರುತ್ತಿತ್ತು. ಕೊನೆಗೆ ದಡದ ಹತ್ತಿರ ಮೀನು ಬೆಳ್ಳಗೆ ಮಗ್ಗುಲು ಹೊರಳಿಸಿದಾಗ ಅಣ್ಣ ಕೆಸರಿಗಿಳಿದು ಎಡಗೈಯ ಕೈಬಲೆಯಲ್ಲಿ ಅದನ್ನು ಎತ್ತಿಕೊಂಡ. ತುಂಬಾ ದೊಡ್ಡದಲ್ಲದ ಒಂದು ರೋಹು. ನಾವಿಬ್ಬರೂ ಹುಚ್ಚರ ಹಾಗೆ ನಕ್ಕೆವು. ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ನಗು ನಿಂತ ಮೇಲೆ ನಾನು, "ಅಣ್ಣಾ, ಅವತ್ತಿನ ಆ ಕಾಟ್ಲಾ..." ಎಂದು ಶುರು ಮಾಡಿದೆ.

"ಅದಾ? ನಮ್ಮ ಚಾಳಿನವರೆಲ್ಲ ಸೇರಿ ತಿಂದ್ರು," ಎಂದ ಅವನು ಗಾಳ ಬಿಡಿಸುತ್ತಾ. "ನಿನಗೆ ಇಷ್ಟ ಅಂತ ತಲೆ ತೆಗೆದಿಡಲಿಕ್ಕೆ ಹೇಳಿದ್ದೆ ನಿನ್ನ ಅತ್ತಿಗೆಗೆ. ಪಕ್ಕದವರ ಫ್ರಿಜ್ಜಿನಲ್ಲಿ ಇಟ್ಟಿದ್ಲು. ನೀನು ಬರ್ಲೇ ಇಲ್ಲ."

ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ. ನಡೆದದ್ದನ್ನು ಹೇಳಿದನಷ್ಟೆ. ಅವತ್ತು ಲಿಫ್ಟಿನ ಮುಂದಿನಿಂದ ತಿರುಗಿ ಹೋದವನು, ಮನೆಗೆ ಹೋಗಿ ನನ್ನ ಪಾಲು ತೆಗೆದಿಟ್ಟಿದ್ದ. ಇನ್ನು ನನ್ನಿಂದ ತಡೆಯಲಾಗಲಿಲ್ಲ. ಕೋಲನ್ನು ಹುಲ್ಲಿನ ಮೇಲಿಟ್ಟು ಕೆಸರಾದ ಅವನ ಕೈ ಹಿಡಿದುಕೊಂಡೆ.

"ನೀನು ಯಾರಂತ ಗೊತ್ತಿಲ್ಲ ಅಂದೆ ಅಲ್ವಾ ಅವತ್ತು, ಅಷ್ಟು ಖುಷಿಯಲ್ಲಿ ಬಂದವನನ್ನು ಬಾಗಿಲಿಂದ ಕಳಿಸಿದೆ. ಹೆದರಿ ಹೇಳಿದೆ, ಆಮೇಲೆ ನಾಚಿಕೆಯಿಂದ ನಿನ್ನ ಮುಖ ನೋಡ್ಲಿಲ್ಲ. ತಪ್ಪಾಯ್ತು ಅಣ್ಣಾ. ನನ್ನಿಂದ ತಪ್ಪಾಯ್ತು."